ಡ್ರಿಲ್ ಮಾಸ್ತರರ ಫ್ಲಾಸ್ಕ್

ನಾನು ಒಂದು ಫ್ಲಾಸ್ಕ್. ಸ್ಟೀಲಿನದು, ಒಂದು ಲೀಟರಿನದು. ಹುಟ್ಟಿದ್ದು ಯಾವ ಊರಿನ ಕಾರ್ಖಾನೆಯಲ್ಲೋ ನೆನಪಿಲ್ಲ, ಅಲ್ಲಿನ ಗದ್ದಲ ಮಾತ್ರ ನೆನಪಿದೆ. ತಗಡು ಸುತ್ತಿ ಒಂದರೊಳಗೊಂದು ಎರಡು ಕೊಳವೆ ಮಾಡಿ, ಕತ್ತು ಬೆಸೆದು, ನಡುವಿನ ಗಾಳಿಯನ್ನೆಲ್ಲ ಹೀರಿ ತೆಗೆದರು. ಆ ಖಾಲಿ ಜಾಗವೇ ನನ್ನ ಬಂಡವಾಳ. ಬಿಸಿ ಹಾಕಿದರೆ ಬಿಸಿಯಾಗಿಯೇ ಇಡುತ್ತೇನೆ. ಅದರ ಬಗ್ಗೆ ನನಗೆ ಜಂಬವೂ ಇತ್ತು. ಈಗಿಲ್ಲ.

ಗದಗಿನ ಪಾತ್ರೆ ಅಂಗಡಿಯೊಂದರಲ್ಲಿ ಎಂಟು ತಿಂಗಳು ಕುಕ್ಕರುಗಳ ನಡುವೆ ಕುಳಿತಿದ್ದೆ. ಹತ್ತನೆಯ ತರಗತಿಯ ಹುಡುಗಿಯರು ನಾಲ್ಕೈದು ಜನ ಬಂದು, ಅರ್ಧ ಗಂಟೆ ಚೌಕಾಸಿ ಮಾಡಿ, ತಮ್ಮ ಡ್ರಿಲ್ ಮಾಸ್ತರರಿಗೆ ಕಾಣಿಕೆ ಕೊಡಲೆಂದು ನನ್ನನ್ನು ಕೊಂಡರು. ಹೀಗೆ ನಾನು ಗವಿಸಿದ್ದಪ್ಪ ಮಾಸ್ತರರ ಪಾಲಾದೆ. ಅವರನ್ನು ನಾನು ಯಾವಾಗಲೂ ಕೆಳಗಿನಿಂದಲೇ ನೋಡಿದ್ದು. ಮೊದಲು ಬಿಳಿ ಬೂಟು, ಆಮೇಲೆ ಕೊರಳಿನ ಸೀಟಿ, ಅದರ ಮೇಲೆ ಮೀಸೆ. ಐವತ್ತೆರಡರ ವಯಸ್ಸಿನಲ್ಲೂ ಮೈದಾನವನ್ನು ಹತ್ತು ಸುತ್ತು ಓಡುತ್ತಿದ್ದರು. ಅವರಿಗೆ ಬೇನೆ ಬರಬಹುದೆಂದು ಯಾರೂ ಎಣಿಸಿರಲಿಲ್ಲ.

ಅವರಿಗೆ ಇಬ್ಬರು ಗೆಳೆಯರು, ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು. ಬಾಡಿಗೆ ಜೀಪು ಓಡಿಸುವ ದಾವಲಸಾಬ, ಪುಸ್ತಕಕ್ಕೆ ರಟ್ಟು ಕಟ್ಟುವ ಪ್ರಭಯ್ಯ. ಸಾಯುವುದರೊಳಗೆ ಒಮ್ಮೆ ಹಿಮ ಮುಟ್ಟಿ ಬರಬೇಕು ಎಂದು ಮೂವರೂ ಮೂವತ್ತು ವರ್ಷ ಮಾತಾಡಿದ್ದೇ ಮಾತಾಡಿದ್ದು. ಕೊನೆಗೊಂದು ಜೂನ್ ತಿಂಗಳಲ್ಲಿ ದಾವಲಸಾಬನ ಜೀಪಿನಲ್ಲೇ ಹೊರಟುಬಿಟ್ಟರು. ಮಾಸ್ತರರ ಹೆಂಡತಿ ಸುವರ್ಣವ್ವ ಜೀರಿಗೆ ಕೊತ್ತಂಬರಿ ಹುರಿದು ಕುಟ್ಟಿದ ಪುಡಿಯ ಡಬ್ಬಿಯನ್ನು ನನ್ನ ಪಕ್ಕದಲ್ಲಿಟ್ಟರು. ಆ ಮನೆಯಲ್ಲಿ ತಲೆನೋವಿಗೂ ಅದೇ ಕಷಾಯ, ಹೊಟ್ಟೆನೋವಿಗೂ ಅದೇ ಕಷಾಯ.

ಮನಾಲಿಯವರೆಗೆ ನಗುವೋ ನಗು. ಪಂಜಾಬಿನ ಧಾಬಾಗಳಲ್ಲಿ ಮಾಸ್ತರರು ಬೆಣ್ಣೆ ಪರೋಟ ತಿಂದ ಪರಿಯನ್ನು ನೋಡಿ ದಾವಲಸಾಬ, "ಲೇ ಗವೀ, ಎಮ್ಮೀಗರ ಒಂದಿಷ್ಟ್ ಬೆಣ್ಣಿ ಬಿಡೋ" ಎಂದು ಕಾಡಿಸುತ್ತಿದ್ದ. ಆಮೇಲೆ ರಸ್ತೆ ಏರತೊಡಗಿತು. ಗಿಡಮರ ಮುಗಿದವು, ಹುಲ್ಲೂ ಮುಗಿಯಿತು, ಉಳಿದದ್ದು ಕಲ್ಲು, ಹಿಮ, ಗಾಳಿ. ಮೇಲೆ ಸ್ಪಿತಿ ಕಣಿವೆಯ ಕಡೆ ಒಂದು ಕೆರೆ ಇತ್ತು. ಅದರ ದಂಡೆಯಲ್ಲಿ ಮೂವರೂ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬುದು ಅವರ ಹಟ.

ಮೊದಲ ದಿನ ಮಾಸ್ತರರಿಗೆ ತಲೆನೋವು, ವಾಂತಿ. ಪ್ರಭಯ್ಯ ನಾಡಿ ಹಿಡಿದು, "ಪರೋಟ ಮಾಡಿದ್ದು. ಪಿತ್ತ ನೆತ್ತಿಗೇರೇತಿ" ಎಂದ. ಗದಗಿನಲ್ಲಿ ಪಿತ್ತವಾಗುವುದು ಹಾಗೆಯೇ ಅಲ್ಲವೇ? ಕಷಾಯ ಕಾಸಿ ನನ್ನೊಳಗೆ ತುಂಬಿದ. ಎರಡನೆಯ ದಿನ ಕೆಮ್ಮು ಶುರುವಾಯಿತು, ನಡಿಗೆ ತಪ್ಪತೊಡಗಿತು. ದಾರಿಯ ಚಹಾ ಡೇರೆಯ ಮುದುಕಿ ಮಾಸ್ತರರ ನೀಲಿಗಟ್ಟುತ್ತಿದ್ದ ಉಗುರು ನೋಡಿ, ಇವರನ್ನು ಈಗಲೇ ಕೆಳಗೆ ಕರೆದೊಯ್ಯಿರಿ, ಎತ್ತರ ಇವರಿಗೆ ಹಿಡಿಸಿಲ್ಲ ಎಂದು ಹಿಂದಿಯಲ್ಲಿ ಹೇಳಿದಳು. ದಾವಲಸಾಬ ಅದನ್ನು ಕನ್ನಡದಲ್ಲಿ ಹೇಳಿದ. ಮಾಸ್ತರರೂ, "ಕೆಳಗ ಹೋಗೂಣು" ಎಂದರು.

"ಇನ್ನ ಏಳ ಕಿಲೋಮೀಟರ್ ಐತಿ. ಇಲ್ಲಿತನಕ ಬಂದು ತಿರುಗೂದೇನ?" ಎಂದ ಪ್ರಭಯ್ಯ. "ಕಷಾಯ ಕುಡಿ, ಪಿತ್ತ ಇಳೀತೈತಿ."

ಮಾಸ್ತರರು ಕುಡಿದರು. ಸ್ವಲ್ಪ ಹೊತ್ತಿನ ಮೇಲೆ, ಜೀಪು ಏರುತ್ತಿರುವಾಗ, ಇನ್ನೊಮ್ಮೆ "ಕೆಳಗ ಹೋಗೂಣು" ಅಂದರು. ಯಾರೂ ಗಾಡಿ ತಿರುಗಿಸಲಿಲ್ಲ. ಆ ಗೆಳೆಯರಿಬ್ಬರು ದುಷ್ಟರಾಗಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಹತ್ತು ಸುತ್ತು ಓಡುವ ಗೆಳೆಯನಿಗೆ ಏನಾದೀತು ಎಂದು ನಂಬಿದ್ದರು, ಅಷ್ಟೆ.

ಜೀಪು ನಿಂತ ಜಾಗದಿಂದ ಕೆರೆಗೆ ನಡೆದು ಹೋಗಬೇಕಿತ್ತು. ಮಾಸ್ತರರಿಗೆ ಏಳಲಾಗಲಿಲ್ಲ. ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ನನ್ನನ್ನು ಅವರ ತೋಳಿಗೆ ಒರಗಿಸಿ, ಇಬ್ಬರೂ ಈಗ ಬಂದೆವು ಎಂದು ಹೋದರು. ಬರುವಷ್ಟರಲ್ಲಿ ಒಂದು ತಾಸಾಗಿತ್ತು. ಮಾಸ್ತರರ ತುಟಿ ನೀಲಿಯಾಗಿತ್ತು. ದಾವಲಸಾಬ ಅಳುತ್ತಲೇ ಗಾಡಿ ತಿರುಗಿಸಿದ. ಕೆಳಗಿನ ಆಸ್ಪತ್ರೆ ಸಿಗುವ ಮೊದಲೇ ಅವರ ಉಸಿರು ನಿಂತಿತು. ನನಗೆ ತಾಗಿದ್ದ ಅವರ ಕೈ ತಣ್ಣಗಾಯಿತು. ನನ್ನೊಳಗಿನ ಕಷಾಯ ಇನ್ನೂ ಹೊಗೆಯಾಡುವಷ್ಟು ಬಿಸಿಯಾಗಿತ್ತು. ಅವತ್ತು ನನ್ನ ಕಸುಬಿನ ಬಗ್ಗೆ ನನಗೇ ಹೇಸಿಗೆಯಾಯಿತು.

ಗದಗಿಗೆ ಬಂದು ಗೆಳೆಯರಿಬ್ಬರೂ ಸುವರ್ಣವ್ವನಿಗೆ, "ಎದಿ ನಿಂತ್ ಹೋತ್ರೀ ವೈನಿ" ಎಂದರು. ಅದು ಪೂರ್ತಿ ಸುಳ್ಳೇನಲ್ಲ, ಎಲ್ಲರ ಎದೆಯೂ ಕೊನೆಗೆ ನಿಲ್ಲುತ್ತದೆ. ಮುದುಕಿಯ ಮಾತಾಗಲಿ ಮಾಸ್ತರರ ಮಾತಾಗಲಿ ಅವರ ಬಾಯಿಂದ ಹೊರಬರಲಿಲ್ಲ. ಸುವರ್ಣವ್ವ ನನ್ನನ್ನು ತೊಳೆದು ಅಡುಗೆಮನೆಯ ಗೂಡಿನಲ್ಲಿಟ್ಟರು. ಆಮೇಲೆ ಎರಡು ವರ್ಷ ಆ ಮನೆಯಲ್ಲಿ ಯಾರೂ ಕಷಾಯ ಕಾಸಲಿಲ್ಲ.

ಎರಡನೆಯ ಪುಣ್ಯಸ್ಮರಣೆಯ ದಿನ ಪ್ರಭಯ್ಯ ಒಬ್ಬನೇ ಬಂದ. ಊಟ ಮುಗಿದ ಮೇಲೆ ಸುವರ್ಣವ್ವ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಮೆಲ್ಲಗೆ ಹೇಳಿದರು: "ಅಣ್ಣಾರ, ಯಾರ ಮುಂದೂ ಹೇಳಿಲ್ಲ. ನೀವು ಹಿಮಕ್ಕ ಹೋಗೂಕಿಂತ ಮೊದಲ ಅವ್ರು ಎದಿ ಉರಿ ಅಂತಿದ್ರು. ನಾ ಪಿತ್ತ ಅಂತ ಕಷಾಯ ಕೊಟ್ಟು ಸುಮ್ಮನಾದೆ. ಡಾಕ್ಟರ್ ಕಡೆ ಕಳಿಸಿದ್ರ ಉಳೀತಿದ್ರು. ನಾನ ಕೊಂದೆ."

ಪ್ರಭಯ್ಯ ಕೈಯಲ್ಲಿದ್ದ ಎಲೆ ಅಡಿಕೆಯನ್ನು ತಟ್ಟೆಗೆ ವಾಪಸ್ ಇಟ್ಟ. ತಾನು ಬಚ್ಚಿಟ್ಟದ್ದನ್ನು ಈ ಹೆಂಗಸು ತನ್ನ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದಾಳೆಂದು ಅವನಿಗೆ ಆಗ ತಿಳಿಯಿತು. ಎಲ್ಲ ಹೇಳಿಬಿಟ್ಟ, ಮುದುಕಿಯ ಮಾತು, ಏಳು ಕಿಲೋಮೀಟರು, ಕೆರೆಯ ದಂಡೆಯ ಒಂದು ತಾಸು. "ನಿಮ್ಮದೇನೂ ತಪ್ಪಿಲ್ರೀ ವೈನಿ. ಎದಿ ಅಲ್ಲ, ಎತ್ತರ. ಕೆಳಗ ಹೋಗೂಣು ಅಂದಿದ್ದ. ನಾವು ಒಯ್ಯಲಿಲ್ಲ."

ಸುವರ್ಣವ್ವ ಅಳಲಿಲ್ಲ. "ಎಷ್ಟ್ ಸಲ ಅಂದ್ರು?" ಎಂದು ಕೇಳಿದರು.

"ಎರಡ್ ಸಲ."

ಆಕೆ ಎದ್ದು ನನ್ನನ್ನು ಗೂಡಿನಿಂದ ತೆಗೆದು ಅವನ ಕೈಗೆ ಕೊಟ್ಟರು. "ಇದನ್ನ ತಗೊಂಡ್ ಹೋಗ್ರಿ. ಇನ್ನ ಈ ಮನೀಗೆ ಬರಬ್ಯಾಡ್ರಿ" ಎಂದರು.

ಈಗ ಪ್ರಭಯ್ಯನ ಅಂಗಡಿಯ ಅಟ್ಟದ ಮೇಲಿದ್ದೇನೆ, ರಟ್ಟಿನ ತುಂಡು, ಅಂಟಿನ ಡಬ್ಬಿಗಳ ನಡುವೆ. ಮುಚ್ಚಳದ ರಬ್ಬರು ಒಣಗಿದೆ, ಬಿಸಿ ಇಡುವ ಶಕ್ತಿಯೂ ಹೋಗಿರಬೇಕು. ಪ್ರಭಯ್ಯ ಆಗಾಗ ಕೆಲಸ ನಿಲ್ಲಿಸಿ ನನ್ನತ್ತ ನೋಡುತ್ತಾನೆ. ಅವನು ಸುಳ್ಳು ಹೇಳಲಿಲ್ಲ, ಅವನಿಗೆ ಗೊತ್ತಿದ್ದಷ್ಟು ಹೇಳಿದ. ಮಾಸ್ತರರು ಆ ಮಾತು ಅಂದದ್ದು ಮೂರು ಸಲ. ಮೂರನೆಯ ಸಲ ಅಂದಾಗ ಜೀಪಿನಲ್ಲಿ ನಾನೊಂದೇ ಇದ್ದೆ.