ನೀರಿನ ನಳಿಕೆಯಲ್ಲಿ ರೋಗ ಕಂಡ ದಿನ

ನಾನು ಒಂದು ಪಿಸಿಆರ್ ಯಂತ್ರ. ಕೋವಿಡ್ ಕಾಲದಲ್ಲಿ ನಮ್ಮ ಬಳಗದ ಹೆಸರು ಎಲ್ಲರ ಬಾಯಲ್ಲೂ ಓಡಾಡಿದ್ದರಿಂದ ಹೆಚ್ಚಿನ ಪರಿಚಯ ಬೇಕಿಲ್ಲ. ಸಿಂಗಾಪುರದ ಕಾರ್ಖಾನೆಯೊಂದರಲ್ಲಿ ಹುಟ್ಟಿ, ಥರ್ಮಾಕೋಲಿನ ಪೆಟ್ಟಿಗೆಯಲ್ಲಿ ಮಲಗಿಕೊಂಡೇ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಗೆ ಬಂದೆ. ಪುಟ್ಟ ಪುಟ್ಟ ನಳಿಕೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಯುವುದು, ಆರುವುದು, ಮತ್ತೆ ಕಾಯುವುದು ನನ್ನ ಕೆಲಸ. ಹೀಗೆ ನಲವತ್ತು ಸುತ್ತು. ನಳಿಕೆಯಲ್ಲಿ ವೈರಸ್ಸಿನ ವಂಶವಾಹಿಯ ಒಂದು ತುಣುಕಿದ್ದರೂ ಅದು ಸುತ್ತಿಗೊಮ್ಮೆ ಇಮ್ಮಡಿಯಾಗುತ್ತದೆ. ಸಾಕಷ್ಟು ಬೆಳೆದ ಮೇಲೆ ನಾನು ಪರದೆಯ ಮೇಲೆ ಒಂದು ಗೆರೆ ಏರಿಸಿ ತೋರಿಸುತ್ತೇನೆ.

ನನ್ನನ್ನು ನೋಡಿಕೊಳ್ಳುತ್ತಿದ್ದವಳು ದಾಕ್ಷಾಯಣಿ. ಪ್ರಯೋಗಾಲಯಕ್ಕೆ ಸೇರಿ ಆರು ವರ್ಷವಾಗಿದ್ದರೂ ಅವಳ ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ "ಈ ವರ್ಷ ಇಟ್ಕೋತಾರೋ ಇಲ್ಲೋ" ಎಂದು ನನ್ನ ಮುಚ್ಚಳ ಒರೆಸುತ್ತಲೇ ಗೊಣಗುತ್ತಿದ್ದಳು.

ಅಲ್ಲಿ ಕಲ್ಲಂಗಡಿಯ ಸಾವಿರ ಬೀಜಗಳನ್ನು ಒಟ್ಟಿಗೆ ಅರೆದು, ಆ ರಸದ ಒಂದು ಹನಿಯನ್ನು ನನಗೆ ಕೊಡುವುದು ರೂಢಿ. ಸಾವಿರದಲ್ಲಿ ಒಂದೇ ಬೀಜಕ್ಕೆ ರೋಗವಿದ್ದರೆ ಆ ಹನಿಯಲ್ಲಿ ನನಗೇನು ಸಿಗಬೇಕು? ರೋಗವಿಲ್ಲ, ರೋಗವಿಲ್ಲ ಎಂದು ಎಷ್ಟು ಸಲ ಸುಳ್ಳು ಹೇಳಿದೆನೋ! ದಾಕ್ಷಾಯಣಿಗೆ ಇದು ಸರಿಬರಲಿಲ್ಲ. "ಅಕ್ಕಿ ಆರಿಸಬೇಕಾದ್ರ ಯಾರರ ಇಡೀ ಚೀಲ ಮೊರಕ್ಕ ಸುರೀತಾರೇನ್ರಿ?" ಎಂದಳು. ಸಾವಿರವನ್ನು ನೂರು ನೂರರಂತೆ ಹತ್ತು ಗುಡ್ಡೆ ಮಾಡಿ, ಒಂದೊಂದನ್ನೂ ಬೇರೆಯಾಗಿ ಅರೆದಳು. ಬೇಕೆಂದೇ ಒಂದು ರೋಗದ ಬೀಜವನ್ನು ಏಳನೆಯ ಗುಡ್ಡೆಗೆ ಸೇರಿಸಿದ್ದಳು. ಒಂಬತ್ತು ಗೆರೆಗಳು ಮಲಗಿದ್ದವು, ಏಳನೆಯದು ಮಾತ್ರ ಎದ್ದಿತು. ನನ್ನ ಜೀವಮಾನದಲ್ಲಿ ಅಷ್ಟು ಖುಷಿಪಟ್ಟ ದಿನ ಇನ್ನೊಂದಿಲ್ಲ.

ಪ್ರಯೋಗಾಲಯದ ಮುಖ್ಯಸ್ಥರು ಡಾ. ಪ್ರಭುರಾಜ ಅಂಗಡಿ. ಅವರೂ ಖುಷಿಪಟ್ಟರು. "ಭೇಷ್ ದಾಕ್ಷಾಯಣಿ! ದೀಪಾವಳಿಗೆ ನಿನ್ನ ಕೆಲಸ ಕಾಯಂ ಅಂತ ತಿಳ್ಕೋ" ಎಂದರು.

ದೀಪಾವಳಿಗೆ ಮೊದಲು ಆಯುಧಪೂಜೆ ಬಂತು. ನನಗೆ ಕುಂಕುಮ ಹಚ್ಚಿದರು, ಚೆಂಡುಹೂವಿನ ಮಾಲೆ ಹಾಕಿದರು. ಇರಲಿ, ಅಷ್ಟಕ್ಕೆ ನಾನೇನು ಸವೆದು ಹೋಗುವುದಿಲ್ಲ. ಆಮೇಲೆ ಅಂಗಡಿಯವರು ಬೂದುಗುಂಬಳಕಾಯಿ ಎತ್ತಿಕೊಂಡು ಒಳಗೇ ಬಂದರು.

"ಸರ್, ಒಳಗ ಬ್ಯಾಡ್ರಿ" ದಾಕ್ಷಾಯಣಿ ಅಡ್ಡ ನಿಂತಳು. "ಕಲ್ಲಂಗಡಿಗೆ ಬರೋ ರೋಗ ಕುಂಬಳಕ್ಕೂ ಬರ್ತೈತಿ. ರಸ ಸಿಡಿದ್ರ ಎಲ್ಲಾ ನಳಿಕ್ಯಾಗೂ ಅದ ಕಾಣ್ತೈತ್ರಿ."

"ಯಂತ್ರದ ದೃಷ್ಟಿ ತಗೀಬೇಕಾದ್ರ ಗೇಟಿನ ಮುಂದ ಕಾಯಿ ಒಡೀಬೇಕೇನು?" ಎಂದರು ಅವರು. ಎಲ್ಲರೂ ನಕ್ಕರು. ನನ್ನ ಮುಂದೆಯೇ ಕಾಯಿ ಒಡೆಯಿತು. ರಸ, ಬೀಜ, ಕುಂಕುಮ ಎಲ್ಲ ದಾಕ್ಷಾಯಣಿಯ ಮೇಜಿನ ತನಕ ಸಿಡಿದವು. ಎಲ್ಲರೂ ಪ್ರಸಾದ ತಿಂದು ಹೋದ ಮೇಲೆ ಅವಳೊಬ್ಬಳೇ ಕುಳಿತು ಬ್ಲೀಚಿಂಗ್ ನೀರಿನಲ್ಲಿ ಒರೆಸಿದಳು. ಅದು ಸಾಲಲಿಲ್ಲ.

ರಜೆ ಮುಗಿದ ದಿನ ಮೂವರು ಬೆಳೆಗಾರರ ಬೀಜ ಪರೀಕ್ಷೆಗೆ ಬಂದಿತ್ತು, ಮೂವರದ್ದೂ ಹತ್ತಕ್ಕೆ ಹತ್ತು ಗೆರೆಗಳು ಎದ್ದು ನಿಂತವು. ಜೊತೆಗೆ ಇನ್ನೊಂದು ನಳಿಕೆ ಇರುತ್ತದೆ, ಅದರಲ್ಲಿ ಬೀಜದ ರಸವಿಲ್ಲ, ಬರೀ ನೀರು. ಅದರಲ್ಲಿ ಏನೂ ಕಾಣಬಾರದು. ಅಂದು ಅದರ ಗೆರೆಯೂ ಎದ್ದಿತ್ತು. ದಾಕ್ಷಾಯಣಿ ಪರದೆ ನೋಡಿದವಳೇ ಹಾಳೆ ಹಿಡಿದು ಅಂಗಡಿಯವರ ಕೋಣೆಗೆ ಓಡಿದಳು. ಆದರೆ ಅವರು ತಮ್ಮ ಕಂಪ್ಯೂಟರಿನಲ್ಲೇ ಗೆರೆಗಳನ್ನು ನೋಡಿ, ನೀರಿನ ನಳಿಕೆಯ ಕಡೆ ಕಣ್ಣೂ ಹಾಯಿಸದೆ ಆಗಲೇ ವರದಿಗೆ ಸಹಿ ಹಾಕಿ ಗೋದಾಮಿಗೆ ಕಳಿಸಿಬಿಟ್ಟಿದ್ದರು, ಹಿಂದಕ್ಕೆ ತರಿಸಲೂ ಒಪ್ಪಲಿಲ್ಲ. ಆ ಮೂವರ ಒಳ್ಳೆಯ ಬೀಜವನ್ನೆಲ್ಲ ಮಧ್ಯಾಹ್ನದೊಳಗೆ ಸುಟ್ಟು ಹಾಕಿದರು.

ಒಳ್ಳೆಯ ಬೀಜ ಸುಟ್ಟದ್ದರ ವಿಚಾರಣೆಗೆ ಕಂಪನಿಯ ಮಾಲೀಕರೇ ಬರುತ್ತಾರೆಂದು ಸುದ್ದಿ ಬಂತು. ಅಂಗಡಿಯವರು ಒಂದು ಬಿಳಿ ಹಾಳೆ ಹಿಡಿದು ದಾಕ್ಷಾಯಣಿಯ ಹತ್ತಿರ ಬಂದರು.

"ನನ್ನ ಮೇಜಿನ ಮ್ಯಾಲ ತಪ್ಪಾಗೇತಿ ಅಂತ ಎರಡ ಸಾಲ ಬರದ ಕೊಡವಾ. ಬರೀ ಫೈಲಿಗೆ. ಕುಂಬಳದ ಮಾತು ಮಾಲಕರ ಮುಂದ ನಾನ ಹೇಳ್ತೀನಿ. ನನ್ನ ತಂಗಿ ಇದ್ದಂಗ ನೀ, ನಿನ್ನ ಕೈ ಬಿಡ್ತೀನೇನು?"

ಅವಳು ಹಾಳೆಯನ್ನು ನನ್ನ ಮುಚ್ಚಳದ ಮೇಲಿಟ್ಟುಕೊಂಡೇ ಬರೆದಳು. ಅವಳ ಪೆನ್ನು ಒತ್ತಿದ್ದು ನನಗೆ ಇವತ್ತಿಗೂ ನೆನಪಿದೆ. ಬರೆಯಬೇಡವೇ ಹುಚ್ಚಿ ಎಂದು ಕೂಗಲು ನನಗೆ ಬಾಯಿ ಎಲ್ಲಿದೆ?

ಮಾಲೀಕರು ಬಂದರು. ಅಂಗಡಿಯವರು ಆ ಕಾಗದವನ್ನು ಅವರ ಕೈಗಿತ್ತು, "ತಾನ ಒಪ್ಕೊಂಡಾಳ್ರಿ" ಎಂದರು.

ದಾಕ್ಷಾಯಣಿ ಕಾದಳು. ಅಂಗಡಿಯವರು ಕುರ್ಚಿ ಎಳೆದು ಮಾಲೀಕರನ್ನು ಕೂರಿಸಿದರು. ಕೊನೆಗೆ ತಾನೇ ಬಾಯಿಬಿಟ್ಟಳು. "ಸರ್, ಆ ಕುಂಬಳಕಾಯಿ..."

"ಯಾವ ಕುಂಬಳಕಾಯಿ?" ಎಂದರು ಅಂಗಡಿಯವರು.

ಪ್ರಸಾದ ತಿಂದವರೆಲ್ಲ ಅಲ್ಲೇ ಇದ್ದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಬ್ಬರು ಕನ್ನಡಕ ಒರೆಸಿಕೊಂಡರು, ಒಬ್ಬರು ಫೋನು ತೆಗೆದರು. ಸಂಜೆಯೊಳಗೆ ಅವಳ ಲೆಕ್ಕ ಚುಕ್ತಾ ಆಯಿತು. ಹೋಗುವಾಗ ನನ್ನ ಸ್ವಿಚ್ ಆರಿಸಿ, "ನೀನರ ನೋಡಿದ್ದಿ" ಎಂದಳು. ನನಗೆ ಆದ ಸಂಕಟ ಯಾವ ಪರದೆಯ ಮೇಲೂ ಮೂಡಲಿಲ್ಲ.

ಮುಂದಿನ ವರ್ಷ ಹತ್ತು ಗುಡ್ಡೆಯ ವಿಧಾನಕ್ಕೆ ಬಹುಮಾನ ಬಂತು, ಡಾ. ಪ್ರಭುರಾಜ ಅಂಗಡಿಯವರ ಹೆಸರಿನಲ್ಲಿ. ಶಾಲು ಹೊದ್ದ ಅವರ ಫೋಟೋ ನನ್ನ ಎದುರಿನ ಗೋಡೆಗೇ ಬಂದು ಕೂತಿತು. ಅದನ್ನು ನೋಡುತ್ತ ಇನ್ನೂ ಐದು ವರ್ಷ ದುಡಿದೆ, ಬೇರೆ ದಾರಿ ಇರಲಿಲ್ಲ. ನನ್ನ ಮುಚ್ಚಳ ಸರಿಯಾಗಿ ಕಾಯದಾದಾಗ, ನೆನಪಿನಲ್ಲಿದ್ದ ಹಳೆಯ ಗೆರೆಗಳನ್ನೆಲ್ಲ ಅವರೇ ನಿಂತು ಅಳಿಸಿ ಹಾಕಿಸಿ, ನನ್ನನ್ನು ಒಂದು ಕೃಷಿ ಕಾಲೇಜಿಗೆ ದಾನ ಕೊಟ್ಟರು.

ಈಗ ಇಲ್ಲಿ ಕಿಟಕಿಯ ಪಕ್ಕದ ಮೂಲೆ ನನ್ನದು. ನಾನು ಓಡುವುದಿಲ್ಲ, ಮಕ್ಕಳು ಮುಚ್ಚಳ ತೆಗೆದು ಒಳಗೆ ನೋಡುತ್ತಾರೆ. ಸಾವಿರದಲ್ಲಿ ಒಂದನ್ನು ಹಿಡಿದು ತೋರಿಸಿದ್ದೇನೆಂಬ ಜಂಬ ನನಗೂ ಇತ್ತು, ಆದರೆ ಬೇಕಾದ ದಿನ ಒಂದು ಸಾಕ್ಷಿ ಹೇಳಲು ನನ್ನಿಂದ ಆಗಲಿಲ್ಲ.

ಮೊನ್ನೆ ಮೇಡಂ ಹತ್ತು ಗುಡ್ಡೆಯ ಪಾಠ ಮಾಡುತ್ತಿದ್ದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

"ಮೇಡಂ, ನಮ್ಮ ಹೊಲಕ್ಕ ಹೂವಿಗೆ ಪರಾಗ ಹಚ್ಚಾಕ ದಾಕ್ಷಾಯಣಿ ಅಕ್ಕ ಅಂತ ಕೂಲಿಗೆ ಬರ್ತಾರ್ರಿ. ಬೀಜ ನೋಡಬೇಕಾದ್ರ ಹತ್ತು ಗುಡ್ಡಿ ಮಾಡ್ರಿ ಅಂತ ಅವರೂ ಹೇಳ್ತಾರ್ರಿ."

ಮೇಡಂ ಮುಖ ಅರಳಿತು. "ನೋಡಿದ್ರೇನು? ಅಂಗಡಿ ಸರ್ ಮಾಡಿದ ಕೆಲಸ ಹೊಲದ ಕೂಲಿಯವರ ತನಕ ಮುಟ್ಟೇತಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗಿಯೂ ತಟ್ಟಿದಳು.