ಒಪಲ್‌ಗೆ ಬರಬೇಕಿದ್ದ ಗನ್ನು

ಡೆನ್ವರ್ ಸ್ಕ್ಯಾಗ್ಸ್‌ನನ್ನು ಮಣ್ಣು ಮಾಡಿ ಬಂದ ಸಂಜೆ ಎಲ್ಲರೂ ಹೊರಟುಹೋದ ಮೇಲೂ ವೆಂಡೆಲ್ ಪ್ರಾಟರ್ ಅವನ ಮನೆಯ ಅಡುಗೆಮನೆಯಲ್ಲೇ ಕೂತಿದ್ದ. ನೆರೆಯವರು ತಂದಿಟ್ಟ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಮುಚ್ಚಿಟ್ಟಂತೆಯೇ ಇದ್ದವು. ವೆಂಡೆಲ್ ಡೆನ್ವರನ ಜೊತೆ ಕೆಂಟಕಿಯ ಕಲ್ಲಿದ್ದಲು ಗಣಿಗೆ ಇಳಿದವನು. ಡೆನ್ವರ್ ಆಸ್ಪತ್ರೆಯಲ್ಲಿದ್ದಾಗ ಅಪ್ಪನ ಸ್ಥಾನದಲ್ಲಿ ನಿಂತು ಅವನ ಮಗಳ ಕೈಹಿಡಿದು ಚರ್ಚಿನೊಳಗೆ ನಡೆಸಿ ಮದುವೆ ಮಾಡಿಸಿಕೊಟ್ಟವನು. ಡೆನ್ವರನ ಹೆಂಡತಿ ಒಪಲ್ ಅವನನ್ನು ಒಡಹುಟ್ಟಿದವನೆಂದೇ ತಿಳಿದಿದ್ದಳು.

"ತಂಗೀ, ಇವತ್ತು ಹೇಳೋ ಮಾತಲ್ಲ ಇದು," ಎಂದ ವೆಂಡೆಲ್. "ಆದ್ರೂ ಹೇಳ್ಬೇಕು. ಆ ಥಾಂಪ್ಸನ್ ಯಂತ್ರಗನ್ನು ಇನ್ನು ಈ ಮನೇಲಿ ಇರಂಗಿಲ್ಲ."

"ಯಾಕೆ? ಸರ್ಕಾರದಲ್ಲಿ ಅವರ ಹೆಸರಿಗೆ ದಾಖಲಾಗಿದೆಯಲ್ಲ."

"ಅದೇ ಮತ್ತೆ! ಅವನ ಹೆಸರು. ಅವನೀಗ ಇಲ್ಲ. ಹೆಂಡತಿಗೆ ಬರಲ್ಲ ಅದು. ಫೆಡರಲ್ ಅಧಿಕಾರಿಗಳು ಬಂದ್ರೆ ಗನ್ನೂ ಹೋಯ್ತು, ನೀನೂ ಜೈಲಿಗೆ ಹೋದೆ. ಕತ್ತರಿಸಿ ಗುಜರಿಗೆ ಹಾಕ್ತಾರೆ. ನನ್ನ ಹೆಸರಿಗೆ ವರ್ಗ ಮಾಡ್ಸು. ನನ್ನ ಹತ್ರ ಇದ್ರೆ ನಿನ್ನ ಹತ್ರ ಇದ್ದಂಗೆ ಅಲ್ವಾ?"

ಒಪಲ್‌ಗೆ ಗನ್ನು ಗೊತ್ತಿತ್ತು, ಕಾನೂನು ಗೊತ್ತಿರಲಿಲ್ಲ. ಗಣಿಯ ಚಾವಣಿ ಕುಸಿದು ಡೆನ್ವರನ ಬಲಗೈ ಬೆರಳುಗಳು ಮಡಚದಂತಾದ ಮೇಲೆ, ಪ್ರತಿ ಸಲ ಹೊಡೆದು ಬಂದಾಗಲೂ ಅದನ್ನು ಬಿಚ್ಚಿ ತೊಳೆಯುತ್ತಿದ್ದವಳು ಅವಳೇ. ನಳಿಗೆಯೊಳಗೆ ಬಟ್ಟೆ ಎಳೆಯುವಳು, ಒಳಗಿನ ಉಣ್ಣೆಯ ತುಂಡುಗಳಿಗೆ ಎಣ್ಣೆ ಕುಡಿಸುವಳು. ಕೈತಪ್ಪಿದರೆ ಗೋಡೆಗೆ ಹಾರುವ ಆ ಉದ್ದನೆಯ ಸ್ಪ್ರಿಂಗನ್ನು ಬೈದುಕೊಂಡೇ ಒಳಗೆ ಕೂರಿಸುವಳು. ಉಕ್ಕಿನ ಹಳೆಯ ನೀಲಿ ಬಣ್ಣಕ್ಕೆ ಮಾತ್ರ ಪಾಲಿಶ್ ಮುಟ್ಟಿಸಳು. ಆ ಬಣ್ಣ ಹೋದರೆ ಗನ್ನಿನ ಮಾನವೇ ಹೋದಂತೆ ಎನ್ನುತ್ತಿದ್ದ ಡೆನ್ವರ್. ಕಾಗದಪತ್ರದ ಕೆಲಸವೆಲ್ಲ ಅವನದಾಗಿತ್ತು. ಹಾಗಾಗಿ ವೆಂಡೆಲ್ ತೋರಿಸಿದ ಕಡೆಯಲ್ಲೆಲ್ಲ ಅವಳು ಸಹಿ ಹಾಕಿದಳು. ಡೆನ್ವರ್ ಅದನ್ನು ಹಿಂದೆಂದೋ ಕೊಂಡ ಬೆಲೆಗೇ ಕೊಟ್ಟಳು. ಗೆಳೆಯನ ಹತ್ತಿರ ಲಾಭ ಮಾಡಿಕೊಳ್ಳುವುದೇ?

ಸರ್ಕಾರದ ಒಪ್ಪಿಗೆ ಬರುವವರೆಗೆ ಗನ್ನನ್ನು ಕದಲಿಸುವಂತಿರಲಿಲ್ಲ. ವಸಂತ ಕಳೆದು ಬೇಸಿಗೆ ಬಂದರೂ ಅದು ಅವಳ ಮನೆಯ ಉಕ್ಕಿನ ಪೆಟ್ಟಿಗೆಯಲ್ಲೇ ಇತ್ತು. ಒಮ್ಮೆ ಅವಳೇ ಕೇಳಿದಳು, "ಇಲ್ಲಿರಂಗಿಲ್ಲ ಅಂದೆ. ಇಲ್ಲೇ ಇದೆಯಲ್ಲೋ?"

"ಅರ್ಜಿ ಹಾಕಿದೀವಲ್ಲ ತಂಗಿ, ಅಲ್ಲೀವರೆಗೆ ನಡೆಯುತ್ತೆ," ಎಂದ ವೆಂಡೆಲ್, ಅವಳು ಮಾಡಿಕೊಟ್ಟ ಕಾಫಿ ಕುಡಿಯುತ್ತ.

ಒಪ್ಪಿಗೆ ಬಂದ ದಿನ ಅವಳು ಗನ್ನಿಗೆ ಇನ್ನೊಮ್ಮೆ ಎಣ್ಣೆ ಹಚ್ಚಿ, ಮಗುವನ್ನು ಒಪ್ಪಿಸುವಂತೆ ಒಪ್ಪಿಸಿದಳು.

ಶರತ್ಕಾಲದಲ್ಲಿ ಹಳೆಯ ಕಲ್ಲುಗಣಿಯ ಬಯಲಿನಲ್ಲಿ ಯಂತ್ರಗನ್ನು ಇಟ್ಟುಕೊಂಡವರೆಲ್ಲ ಸೇರುವುದು ರೂಢಿ. ಅಲ್ಲಿ ಡೆನ್ವರನ ನೆನಪಿಗೆ ಗನ್ನಿಗೆ ಸಿಕ್ಕಿಸುವ ಒಂದು ಡ್ರಮ್ಮಿನ ತುಂಬ ಗುಂಡು ಅವಳ ಕೈಯಲ್ಲೇ ಹೊಡೆಸುತ್ತೇನೆಂದು ವೆಂಡೆಲ್ ಮಾತು ಕೊಟ್ಟಿದ್ದ. ಒಪಲ್ ಡೆನ್ವರನ ಕೋಟು ತೊಟ್ಟು ಹೋದಳು. ಥಾಂಪ್ಸನ್ ಕೆಂಪು ಬಟ್ಟೆಯ ಮೇಲೆ ಮಲಗಿತ್ತು. "ಇದನ್ನಿನ್ನು ಹೊಡೆಯೋದಿಲ್ಲ ತಂಗಿ, ಬೆಲೆ ಇಳಿಯುತ್ತೆ," ಎಂದವನೇ ವೆಂಡೆಲ್ ನೋಡಲು ಬಂದವರ ಕಡೆ ತಿರುಗಿದ.

ಅವಳು ಪಕ್ಕದ ಮೇಜಿಗೆ ಸರಿದಳು. ಅಲ್ಲಿ ಟ್ರೂಡಿ ಎಂಬ ಹೆಂಗಸು ಯುದ್ಧಕಾಲದ ಒಂದು ಜರ್ಮನ್ ಗನ್ನನ್ನು ಒರೆಸುತ್ತಿದ್ದಳು.

"ನಿಮ್ಮ ಯಜಮಾನರದಾ?" ಎಂದಳು ಒಪಲ್.

"ನಂದೇ. ಅಪ್ಪ ಸತ್ತ ಮೇಲೆ ನನ್ನ ಹೆಸರಿಗೆ ಬಂತು."

"ಮನೆಯೋರಿಗೆ ಬರುತ್ತಾ ಇದು?"

"ಬರದೆ ಏನು? ವಾರಸುದಾರರಿಗೆ ತೆರಿಗೇನೂ ಇಲ್ಲ. ಅರ್ಜಿ ಹಾಕಿದ್ರಾಯ್ತು. ಯಾಕಮ್ಮಾ, ಮುಖ ಹಂಗಾಯ್ತು? ಕೂತ್ಕೊಳ್ಳಿ."

ಒಪಲ್ ಕೂರಲಿಲ್ಲ. ಅಡುಗೆಮನೆಯಲ್ಲಿ ಕೇಳಿದ ಒಂದೊಂದು ಮಾತೂ ಹಿಂತಿರುಗಿ ಬಂದು ಎದೆಗೆ ಬಡಿಯಿತು. ಗುಂಡಿನ ಸದ್ದು ನಿಂತ ಬಿಡುವಿನಲ್ಲಿ ಅವಳು ವೆಂಡೆಲನ ಮುಂದೆ ಹೋಗಿ ನಿಂತಳು.

"ಜೈಲಿಗೆ ಹೋಗ್ತೀಯ ಅಂದ್ಯಲ್ಲ ವೆಂಡೆಲ್. ಅವರನ್ನ ಹೂತ ಮಣ್ಣಿನ್ನೂ ಹಸಿಯಾಗಿತ್ತು. ಸುಳ್ಳು ಹೇಳೋಕೆ ಅವತ್ತೇ ಬೇಕಾಗಿತ್ತಾ?"

ನೋಡಲು ಬಂದವರು ಇತ್ತ ತಿರುಗಿದರು.

"ಮೆತ್ತಗೆ, ಮೆತ್ತಗೆ," ಎಂದ ವೆಂಡೆಲ್. "ಒಂಟಿ ಹೆಂಗಸು ನೀನು. ಇಂಥ ಮಾಲು ಇಟ್ಕೊಂಡು ಏನ್ಮಾಡ್ತಿದ್ದೆ? ತುಕ್ಕು ಹಿಡಿಸ್ತಿದ್ದೆ. ಗನ್ನಿನ ಒಳ್ಳೇದಕ್ಕೇ ಮಾಡಿದ್ದು."

"ಅದಕ್ಕೆ ಎಣ್ಣೆ ಹಾಕ್ತಿದ್ದೋರು ಯಾರು ಅಂತ ನಿಂಗೊತ್ತಿಲ್ವಾ? ನನ್ನ ಮೇಜಿನ ಮುಂದೆ ಕೂತು ನೋಡಿಲ್ವಾ ನೀನು?"

ಅವನು ಕೆಂಪು ಬಟ್ಟೆಯ ಅಂಚು ಸರಿಮಾಡಿದ. ಒಪಲ್‌ಳ ಕಣ್ಣು ಅವನ ಹೆಂಡತಿ ನೋಲಾಳ ಮೇಲೆ ಬಿತ್ತು. ಪ್ರತಿ ಭಾನುವಾರ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು ಇಬ್ಬರೂ.

"ನೋಲಾ, ನಿಂಗೂ ಗೊತ್ತಿತ್ತೇನೇ?"

"ಬೇಡ ಅಂತ ಅವನಿಗೆ ಹೇಳ್ದೆ ಕಣೇ, ದೇವರಾಣೆ."

"ಅವನಿಗೆ ಹೇಳ್ದೆ. ನಂಗ್ಯಾಕೇ ಹೇಳ್ಲಿಲ್ಲ?"

ನೋಲಾ ಐಸಿನ ಡಬ್ಬಿಯ ಮುಚ್ಚಳ ತೆಗೆದು, ಬೇಕಿಲ್ಲದಿದ್ದರೂ ಒಳಗೆ ಕೈಯಾಡಿಸಿದಳು. ವೆಂಡೆಲನ ಮೋಸವನ್ನಾದರೂ ಒಪಲ್ ಹೇಗೋ ನುಂಗುತ್ತಿದ್ದಳೇನೋ. ನೋಲಾಳದ್ದನ್ನು ನುಂಗಲಾಗಲಿಲ್ಲ.

ಊರಿಗೆ ಊರೇ ಮಾತಾಡಿತು. ಗನ್ನು ಕ್ಲಬ್ಬಿನ ಹಿರಿಯರು ವೆಂಡೆಲನ ಕೈಕುಲುಕುವುದನ್ನು ಬಿಟ್ಟರು. ಇನ್ನು ಕೆಲವರು, ಸಹಿ ಹಾಕಿದ ಮೇಲೆ ಅಳುವುದೇಕೆ ಎಂದು ಒಪಲ್‌ಳನ್ನೇ ಆಡಿಕೊಂಡರು. ಚಳಿ ಶುರುವಾಗುವ ಹೊತ್ತಿಗೆ ವೆಂಡೆಲ್ ಟೋಪಿ ಕೈಯಲ್ಲಿ ಹಿಡಿದು ಅವಳ ಜಗಲಿಗೆ ಬಂದ.

"ವಾಪಸ್ ನಿನ್ನ ಹೆಸರಿಗೇ ವರ್ಗ ಮಾಡ್ಕೊಡ್ತೀನಿ ತಂಗಿ. ತೆರಿಗೆ ನಾನೇ ಕಟ್ತೀನಿ. ಕ್ಲಬ್ಬಲ್ಲಿ ಒಂದು ಮಾತು ಹೇಳ್ಬಿಡು, ರಾಜಿ ಆದ್ವಿ ಅಂತ."

ಅವಮಾನ ತೊಳೆದುಕೊಳ್ಳಲು ಬಂದಿದ್ದಾನೆ, ನನಗಾಗಿ ಬಂದಿಲ್ಲ ಎಂಬುದು ಒಪಲ್‌ಗೆ ಹೊಳೆಯಿತು.

"ತಂಗಿ ಅನ್ಬೇಡ. ಗನ್ನು ವಾಪಸ್ ಕೊಡಬಹುದು ನೀನು. ಅವತ್ತು ಸಂಜೆ ನಾನು ನಿನ್ನ ನಂಬಿದ್ನಲ್ಲ, ಅದನ್ನ ಎಲ್ಲಿಂದ ತರ್ತೀಯ? ಬೇಡ. ಇಟ್ಕೋ," ಎಂದು ಬಾಗಿಲು ಹಾಕಿಕೊಂಡಳು.

ಮಗಳು ಫೋನಿನಲ್ಲಿ ಬೈದಳು: "ಅಮ್ಮಾ, ನಿನಗೆ ಹುಚ್ಚಾ? ಅಪ್ಪಂದು ಅದು!" ಒಪಲ್ ಈಗ ಚರ್ಚಿನಲ್ಲಿ ಹಿಂದುಗಡೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಾಳೆ. ಮಗಳು ಅಂದದ್ದೇ ಸರಿ, ತೆಗೆದುಕೊಂಡುಬಿಡಬೇಕಿತ್ತು ಎಂದು ಕೆಲವು ದಿನ ಅನ್ನಿಸುತ್ತದೆ. ವೆಂಡೆಲನಿಗೆ ಹೇಳೋಣವೆಂದು ಫೋನು ಎತ್ತಿಕೊಳ್ಳುತ್ತಾಳೆ. ಆ ಕಡೆ ನೋಲಾಳೇ ಹಲೋ ಎಂದರೆ ಏನು ಹೇಳುವುದು ಎಂದು ತೋಚದೆ ಕೆಳಗಿಡುತ್ತಾಳೆ.