ಎಡಗಿವಿಯ ಮೇಲೆ ಅಂಗೈಯಗಲ

1.

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ದಿಂಬಿನಿಂದ ಎಂದುಕೊಂಡಿದ್ದೆ. ಕ್ಯಾನ್ಸರ್ ಕಥೆಗಳೆಲ್ಲ ಅಲ್ಲಿಂದಲೇ ತಾನೇ ಶುರುವಾಗುವುದು? ‘ಬೆಳಗ್ಗೆ ಎದ್ದಾಗ ದಿಂಬಿನ ತುಂಬ ಕೂದಲು. ಅವಳು ಕಿಟಕಿಯಾಚೆ ನೋಡಿದಳು.’ ಇಷ್ಟು ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡು, ಅಕ್ಕನಿಗೆ ತೋರಿಸಿದೆ. ಕಥಾನಾಯಕಿ ಅವಳೇ. ಮೂವತ್ತು ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಾಳೆ.

“ಯಾರೋ ಇವಳು? ನಾನಂತೂ ಅಲ್ಲ. ನನ್ನ ದಿಂಬಿನ ಮೇಲೆ ಏನೂ ಬಿದ್ದಿಲ್ಲ. ಬಿದ್ದಿದ್ರೂ ಕಿಟಕಿ ನೋಡ್ತಾ ಕೂರ್ತಿದ್ನಾ? ಪೊರಕೆ ತಗೊಂಡು ಗುಡಿಸ್ತಿದ್ದೆ.”

ದಿಂಬು ಕ್ಯಾನ್ಸಲ್.

2.

ಹಾಗಾದರೆ ಟೋಪಿಯಿಂದ. (ಓದುಗರಿಗೆ ಟೋಪಿ ಹಾಕುವುದು ನನ್ನ ಕಸುಬೇ. ಆದರೆ ಇದು ನಿಜವಾದ ಟೋಪಿ.)

ಅದರೊಳಗೆ ತಣ್ಣನೆಯ ದ್ರವ ಹರಿಯುತ್ತಿರುತ್ತದೆ. ಮೆಷಿನ್ನಿಂದ ಒಂದು ದಪ್ಪ ಪೈಪು ಬಂದು ಟೋಪಿಗೆ ಸೇರುತ್ತದೆ. ನೆತ್ತಿ ತಣ್ಣಗಿದ್ದರೆ ಅಲ್ಲಿ ರಕ್ತ ಕಡಿಮೆ ಹರಿಯುತ್ತದೆ, ಕೀಮೋ ಔಷಧಿಯೂ ಕೂದಲ ಬೇರಿಗೆ ಕಡಿಮೆ ತಲುಪುತ್ತದೆ, ಕೂದಲು ಉದುರುವುದೂ ಕಡಿಮೆಯಾಗುತ್ತದೆ. ಡ್ರಿಪ್ ಹಾಕುವ ಅರ್ಧ ಗಂಟೆ ಮೊದಲು ತೊಡಿಸುತ್ತಾರೆ. ಮುಗಿದ ಮೇಲೂ ಒಂದೂವರೆ ಗಂಟೆ ತೆಗೆಯುವಂತಿಲ್ಲ. ಎಲ್ಲರಿಗೂ ಫಲ ಕೊಡುವುದಿಲ್ಲ ಎಂದು ಡಾಕ್ಟರ್ ಮೊದಲೇ ಹೇಳಿದ್ದರು.

“ಕೂದಲಿಗೋಸ್ಕರ ಇಷ್ಟೊಂದು ಯಾಕೆ ಅಕ್ಕ? ಮತ್ತೆ ಬರುತ್ತಲ್ಲ,” ಎಂದೆ. (ನಾನು ನಲವತ್ತಕ್ಕೇ ಬೋಳ. ಇಂಥ ಮಾತು ನನಗೆ ಸಲೀಸು.)

“ಚೆಂದಕ್ಕಲ್ಲ ಕಣೋ. ಪಾರ್ಲರ್‌ಗೆ ಬರೋರು ಮೊದಲು ನೋಡೋದು ನನ್ನ ತಲೇನೇ. ಕೂದಲು ಹೋದ್ರೆ, ನಾನು ಬಾಯಿ ಬಿಡೋ ಮೊದಲೇ ಎಲ್ಲರಿಗೂ ಗೊತ್ತಾಗುತ್ತೆ. ಇದ್ರೆ, ಯಾರಿಗೆ ಹೇಳ್ಬೇಕು, ಯಾವಾಗ ಹೇಳ್ಬೇಕು ಅನ್ನೋದು ನನ್ನ ಕೈಲಿರುತ್ತೆ.”

ನನಗೆ ನಾಚಿಕೆಯಾಯಿತು. ಆ ಮಾತನ್ನು ಹಾಗೇ ಬರೆದುಕೊಂಡೆ.

4.

(3 ಹರಿದು ಹಾಕಿದೆ. ಅದರಲ್ಲೊಂದು ಪವಾಡದ ಎಣ್ಣೆ ಇತ್ತು. ನರ್ಸ್ ಓದಿದ್ದರೆ ನನ್ನನ್ನು ಮೆಟ್ಟಿಲ ತನಕ ಅಟ್ಟಿಸಿಕೊಂಡು ಬರುತ್ತಿದ್ದರು.)

ಒಟ್ಟು ಆರು ಕೀಮೋ. ಎರಡು ಮುಗಿದು ಮೂರನೆಯದಕ್ಕೆ ಹೋಗುವ ಹೊತ್ತಿಗೆ ಅಕ್ಕನ ಎಡಗಿವಿಯ ಮೇಲೆ ಅಂಗೈಯಗಲ ಜಾಗ ಖಾಲಿಯಾಗಿತ್ತು. ಉಳಿದ ಕಡೆ ಕೂದಲು ತೆಳ್ಳಗಾಗಿದ್ದರೂ ಇತ್ತು. ನರ್ಸ್ ತಲೆ ಕೆಡಿಸಿಕೊಂಡರು. ತಂಪು ಚೆನ್ನಾಗಿ ತಾಗಲೆಂದು ಕೂದಲು ಒದ್ದೆ ಮಾಡಿದ್ದರು, ಟೋಪಿಯ ಪಟ್ಟಿ ಬಿಗಿದಿದ್ದರು. ಇನ್ನೇನು ತಪ್ಪಾಯಿತು? ಈ ಸಲ ಅಕ್ಕನ ಮೇಲೆ ಕಣ್ಣಿಟ್ಟು ಪಕ್ಕದಲ್ಲೇ ನಿಂತರು.

ಹತ್ತೇ ನಿಮಿಷ. ಎದುರಿನ ಕುರ್ಚಿಗೆ ಇನ್ನೊಬ್ಬ ಹೆಂಗಸು ಬಂದು ಕೂತರು. ಅಕ್ಕ ಒಂದು ಕಣ್ಣು ಕಿರಿದು ಮಾಡಿ ತಲೆಯನ್ನು ಬಲಕ್ಕೆ ವಾಲಿಸಿದಳು. ಎಡಗಡೆಯ ಪೈಪು ಬಿಗಿಯಾಗಿ ಎಳೆಯಿತು, ಎಡಗಿವಿಯ ಮೇಲೆ ಟೋಪಿಯ ಅಂಚು ಒಂದು ಬೆರಳಷ್ಟು ಮೇಲೆದ್ದಿತು.

“ಮೇಡಂ! ಏನ್ ಮಾಡ್ತಿದ್ದೀರಿ?”

“ಅವರ ಕೂದಲು ಒಂದು ಕಡೆ ಅರ್ಧ ಇಂಚು ಜಾಸ್ತಿ ಉದ್ದ ಇದೆ. ಯಾರು ಕಟ್ ಮಾಡಿದ್ದೋ!”

ಕತ್ತರಿಸಿದ ತುದಿ ಸಮ ಇದೆಯೇ ಎಂದು ನೋಡಲು ಅವಳು ದಿನಕ್ಕೆ ನೂರು ಸಲ ಹಾಗೆ ವಾಲುತ್ತಾಳೆ. ವಾಲುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ನಾನು ನಕ್ಕೆ. ನಕ್ಕ ಮೇಲೆ ಅವಳ ಕಣ್ಣು ನೋಡಿದೆ.

“ಮೂವತ್ತು ವರ್ಷ ಊರವರಿಗೆಲ್ಲ ತಲೆ ಅಲ್ಲಾಡಿಸ್ಬೇಡಿ ಅಂತ ಹೇಳಿದ್ದೀನಿ,” ಎಂದಳು. “ಸಾಕು ಕಣೋ. ಬೋಳಿಸಿಬಿಡೋಣ. ಯಾರಿಗೆ ಗೊತ್ತಾಗುತ್ತೋ ಆಗ್ಲಿ.”

5.

ಇಲ್ಲಿ ಬೋಳಿಸಿದ್ದರೆ ಕಥೆಗೆ ಒಳ್ಳೆಯದಿತ್ತು. ಕನ್ನಡಿ, ಕತ್ತರಿ, ಒಂದು ಹನಿ ಕಣ್ಣೀರು. (ಪ್ರಶಸ್ತಿ ಕೊಡುವವರಿಗೆ ಬಹಳ ಹಿಡಿಸುತ್ತದೆ.) ಆದರೆ ಅವಳು ಮನಸ್ಸಿನಿಂದ ಹೇಳಿದ ಮಾತಲ್ಲ ಅದು, ಸೋತು ಹೇಳಿದ್ದು. ಪೆನ್ನು ಜೇಬಿಗೆ ಹಾಕಿ ಅವಳೆದುರು ಸ್ಟೂಲು ಎಳೆದುಕೊಂಡು ಕೂತೆ. ಎರಡು ಬೆರಳನ್ನು ಅವಳ ಗದ್ದದ ಕೆಳಗಿಟ್ಟೆ. ನನಗೆ ಐದು ವರ್ಷವಿದ್ದಾಗಿನಿಂದ, ತಲೆಯಲ್ಲಿ ಕತ್ತರಿಸಲು ಏನಾದರೂ ಇರುವವರೆಗೂ, ಅವಳು ನನಗೆ ಮಾಡುತ್ತಿದ್ದದ್ದೇ ಅದು.

“ತಲೆ ನೇರ. ಗದ್ದ ಕೆಳಗೆ. ಅಲ್ಲಾಡಿದ್ರೆ ಕಿವಿ ಹೋಗುತ್ತೆ.”

ಅವಳದೇ ಡೈಲಾಗು. ಅವಳಿಗೆ ನಗು ತಡೆಯಲಾಗಲಿಲ್ಲ. ಟೋಪಿ ಮಾತ್ರ ಜಾರಲಿಲ್ಲ. ನರ್ಸ್ ಪೈಪನ್ನು ಸಡಿಲ ಬಿಟ್ಟು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. ಅವತ್ತೂ, ಮುಂದಿನ ಮೂರು ಸಲವೂ ಹಾಗೇ ಕೂತೆವು. (ಒಂದು ಪಾತ್ರದೆದುರು ನಾನು ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು ಇದೇ ಮೊದಲು.)

6. ಕೊನೆಗಳು

ಅ) ಒಂದು ಎಳೆಯೂ ಉದುರಲಿಲ್ಲ. (ಸುಳ್ಳು. ಈಗಾಗಲೇ ಅಂಗೈಯಗಲ ಹೋಗಿದೆ, ನೀವೇ ಓದಿದ್ದೀರಿ.)

ಆ) ಎಲ್ಲ ಉದುರಿ ಗುಂಗುರಾಗಿ ಮತ್ತೆ ಬಂತು. (ಹಾಗೂ ಆಗುವುದುಂಟಂತೆ. ಅಕ್ಕನಿಗೆ ಗುಂಗುರು ಇಷ್ಟವಾಯಿತು, ಉದುರುವುದು ಆಗಲಿಲ್ಲ.)

ಇ) ಕೀಮೋ ಮುಗಿದು ಎರಡು ತಿಂಗಳು. ರಿಪೋರ್ಟ್ ನೋಡಿ ಡಾಕ್ಟರ್ ನಕ್ಕಿದ್ದರು. ಅಕ್ಕ ನೆತ್ತಿಯ ಕೂದಲನ್ನು ಎಡಕ್ಕಿಳಿಸಿ ಕ್ಲಿಪ್ ಹಾಕಿ ಕೆಲಸ ಮಾಡುತ್ತಿದ್ದಳು. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಗಿರಾಕಿಯೊಬ್ಬರು ಕುರ್ಚಿಯಲ್ಲಿದ್ದಾಗ ಆ ಕ್ಲಿಪ್ ಜಾರಿತು.

“ಅಯ್ಯೋ, ಇದೇನ್ರೀ?”

ಅಲರ್ಜಿ ಎಂಬ ಒಂದು ಸುಳ್ಳನ್ನು ನಾನು ಅವಳಿಗಾಗಿ ಬರೆದಿಟ್ಟಿದ್ದೆ. ಅವಳು ಅದನ್ನು ಮುಟ್ಟಲಿಲ್ಲ. ಕ್ಲಿಪ್ಪನ್ನು ತೆಗೆದು ಮೇಜಿನ ಮೇಲಿಟ್ಟಳು.

“ಕೀಮೋ ತಗೊಂಡೆ. ಟೋಪಿ ಜಾರಿತ್ತು. ತಲೆ ಅಲ್ಲಾಡಿಸ್ಬೇಡಿ, ಹೇಳ್ತೀನಿ.”

ಪೂರ್ತಿ ಹೇಳಿದಳು. ಮೂಲೆಯ ಸೋಫಾದಲ್ಲಿ ಕೂತಿದ್ದ ನನಗೆ ಅಳು ಬಂತು, ಅವರಿಬ್ಬರಿಗೆ ಬರಲಿಲ್ಲ.

ಅವರು ಹೋದ ಮೇಲೆ ಅಕ್ಕ ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತಳು.

“ಮುಟ್ಟಿ ನೋಡೋ. ಏನಾದ್ರೂ ಇದೆಯಾ?”

ಬೆರಳಿಗೆ ಸಣ್ಣಗೆ ಚುಚ್ಚಿತು. “ಬಂದಿದೆ ಅಕ್ಕ!”

“ಬಣ್ಣ?”

“ಅರ್ಧ ಬಿಳಿ.”

“ಇರ್ಲಿ ಬಿಡು.”

ಖುಷಿಗೆ ಅಲ್ಲೇ ನೋಟ್‌ಬುಕ್ ತೆಗೆದು ‘ಮುಗಿಯಿತು’ ಎಂದು ಬರೆದೆ. ಅವಳು ಕೈಯಿಂದ ಕಿತ್ತುಕೊಂಡು ಓದಿದಳು.

“ಏನೋ ಮುಗೀತು? ತಿಂಗಳಿಗೆ ಅರ್ಧ ಇಂಚು ಬೆಳೆದ್ರೆ ಹೆಚ್ಚು. ಮೊದಲು ಕಿವಿ ಮುಟ್ಲಿ. ಆಮೇಲೆ ಎರಡೂ ಕಡೆ ನಾನೇ ಸಮ ಮಾಡ್ಕೋಬೇಕು. ಹೊಡೆದು ಹಾಕು ಅದನ್ನ.”

ಹೊಡೆದು ಹಾಕಿದೆ.

ಅಕ್ಕ ಕನ್ನಡಿಯ ಕಡೆ ತಿರುಗಿ, ಒಂದು ಕಣ್ಣು ಕಿರಿದು ಮಾಡಿ, ತಲೆಯನ್ನು ಬಲಕ್ಕೆ ವಾಲಿಸಿದಳು. ಈ ಸಲ ನಾನು ಬೆರಳು ಅಡ್ಡ ಇಡಲಿಲ್ಲ.